ಸಂತೆಯ ನಡುವಿನ ಬಿಡಾರ

ಕತಾರ್ ದೇಶದ ದೋಹಾ ನಗರದ ಸೂಕ್ ವಾಕಿಫ್ ಎಂಬ ಹಳೆಯ ಪೇಟೆಯೊಳಗೆ ತಂಗಲು ಬರುವವನು, ವಿಮಾನ ನಿಲ್ದಾಣದಿಂದ ಎಂತಹ ಬೆಲೆಬಾಳುವ ಮೋಟಾರಿನಲ್ಲಿಯೇ ಬಂದಿರಲಿ, ಪೇಟೆಯ ಅಂಚಿನಲ್ಲಿ ಇಳಿದು ನಡೆಯಲೇಬೇಕು. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ರಾತ್ರಿ ಹತ್ತರ ಮೇಲೆ. ನಾನು ಹೇಳಿದ ಹೋಟೆಲಿನ ಹೆಸರೇ ಒಂದು ಕೇರಿಯ ಹೆಸರೂ ಆಗಿದ್ದುದರಿಂದ, ಟ್ಯಾಕ್ಸಿಯವನು ನನ್ನನ್ನು ಮೊದಲು ಆ ಕೇರಿಗೆ ಒಯ್ದು, ಅಲ್ಲಿ ಅಂತಹ ಹೋಟೆಲು ಯಾವುದೂ ಇಲ್ಲವೆಂದು ತಿಳಿದ ಮೇಲೆ ಮತ್ತೆ ಸುತ್ತಿಸಿ ತಂದು, ಪೆಟ್ಟಿಗೆಗಳೆರಡನ್ನೂ ಕಲ್ಲುಹಾಸಿನ ಮೇಲಿಳಿಸಿ, ಇನ್ನು ಮುಂದೆ ಗಾಡಿ ಹೋಗದೆಂದು ಕೈಸನ್ನೆಯಿಂದ ತಿಳಿಸಿ ಹೊರಟುಹೋದನು. ಎದುರಿಗೆ ದೀಪಗಳು ತೂಗುತ್ತಿದ್ದ ಓಣಿ. ಓಣಿಯ ತುಂಬ ಜನ. ಕೆಂಡದ ಮೇಲೆ ಬೇಯುವ ಮಾಂಸದ, ಏಲಕ್ಕಿಯ, ಊದಿನ ಧೂಪದ ಬೆರಕೆ ವಾಸನೆ. ಎತ್ತ ಹೋಗಬೇಕೆಂದು ತೋಚದೆ ನಿಂತಿದ್ದ ನನ್ನ ಬಳಿಗೆ, ಕಂದುಗೆಂಪು ಬಣ್ಣದ ತೋಳಿಲ್ಲದ ಕೋಟನ್ನು ತೊಟ್ಟ ಮುದುಕನೊಬ್ಬನು, ನಮ್ಮಲ್ಲಿ ಗಾರೆಯವರು ಮಣ್ಣು ಸಾಗಿಸುವಂತಹ ಒಂಟಿಚಕ್ರದ ಕೈಗಾಡಿಯನ್ನು ನೂಕಿಕೊಂಡು ಬಂದು, "ಹಮಾಲಿ, ಸಾಹೇಬ್?" ಎಂದು ಕೇಳಿದನು.

ಆ ಮಾತು ಕಿವಿಗೆ ಬಿದ್ದೊಡನೆ ನನಗೆ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆ ಕಣ್ಣಿಗೆ ಕಟ್ಟಿತು. ಬೆನ್ನ ಮೇಲೆ ಮೆಣಸಿನಕಾಯಿಯ ಚೀಲ ಹೊತ್ತ ನಮ್ಮ ಹಮಾಲರಿಗೆ ತಮ್ಮ ಕಸುಬಿನ ಹೆಸರು ಅರಬ್ಬಿಯದೆಂಬುದು ತಿಳಿದಿರಲಾರದು. ಹೊರುವವನು ಎಂಬರ್ಥದ 'ಹಮ್ಮಾಲ್' ಶಬ್ದವು ಪಾರಸಿಯನ್ನೂ ದಖ್ಖನಿನ ಸುಲ್ತಾನರ ದಫ್ತರಗಳನ್ನೂ ಹಾದು, ತಾನೇ ಹಮಾಲನಂತೆ ಭಾರ ಹೊತ್ತು, ಕನ್ನಡಕ್ಕೆ ಬಂದಿಳಿದಿದೆ. ಪ್ರಯಾಣಿಕನು ಇಳಿದುಕೊಳ್ಳುವ ತಾಣವಾದ 'ಮಂಜಿಲ್' ನಮ್ಮಲ್ಲಿ 'ಮಜಲು' ಆಯಿತು. ನಿಲ್ಲುವ ನೆಲೆಯಾದ 'ಮುಕಾಮ್' ನಮ್ಮ ಹಿರಿಯರ ಕಾಗದಗಳ ತಲೆಯಲ್ಲಿ 'ಮೊಕ್ಕಾಂ' ಎಂದು ಕುಳಿತಿತು. 'ವಾಕಿಫ್' ಎಂದರೆ ನಿಂತಿರುವವನು. ನಿಂತು ನೋಡಿ ಬಲ್ಲವನೂ ಹೌದು. ನಮ್ಮ 'ವಾಕಬುಗಾರ'ನು ಈ ಶಬ್ದದ ವಂಶದವನೇ. ಹೀಗೆ ತಂಗುವುದಕ್ಕೂ ಹೊರುವುದಕ್ಕೂ ಅರಬರಿಂದ ಮಾತುಗಳನ್ನು ಸಾಲ ಪಡೆದ ನಾಡಿನಿಂದ ಬಂದವನಿಗೆ, ಆ ಅರಬರ ನಾಡಿನ ಒಂದು ಮೂಲೆಯಲ್ಲಿ ಪರಸ್ಥಳದವನು ಕಾಲಕಾಲಕ್ಕೆ ಎಲ್ಲಿ ತಲೆಯಿಟ್ಟು ಮಲಗಿದನೆಂಬುದನ್ನು ವಿಚಾರಿಸುವ ಕುತೂಹಲ ಹುಟ್ಟಿದರೆ ಆಶ್ಚರ್ಯವಿಲ್ಲ.

ವಾಹನವನ್ನು ಹೊರಗಿಟ್ಟ ಊರುಗಳು ಲೋಕದಲ್ಲಿ ಬೇರೆಯೂ ಇವೆ. ಸ್ವಿಟ್ಜರ್ಲೆಂಡಿನ ಹಿಮಪರ್ವತಗಳ ಮಡಿಲಿನ ಜೆರ್ಮಾಟ್ ಗ್ರಾಮಕ್ಕೆ ಹಿಮದ ಮೇಲೆ ಜಾರುವ ವಿನೋದಕ್ಕಾಗಿ ಹೋಗುವವರು ತಮ್ಮ ಕಾರುಗಳನ್ನು ಕೆಳಗಿನ ಟ್ಯಾಶ್ ಎಂಬಲ್ಲಿ ಬಿಟ್ಟು ರೈಲಿನಲ್ಲಿ ಏರುತ್ತಾರೆ. ನಮ್ಮ ನೆರೆಯ ಮಹಾರಾಷ್ಟ್ರದ ಮಾಥೇರಾನ್ ಗಿರಿಧಾಮದಲ್ಲಿ ಮೋಟಾರುಗಳು ದಸ್ತೂರಿ ನಾಕಾದಲ್ಲಿಯೇ ನಿಲ್ಲುತ್ತವೆ, ಮುಂದಕ್ಕೆ ಹೆಚ್ಚಿನವರಿಗೆ ಕುದುರೆಯೋ ಕಾಲೋ ಗತಿ. ಅಂತಹ ಕಡೆ ಬಿಡಾರ ಹುಡುಕುವವನಿಗೆ ಬಾಡಿಗೆಯಷ್ಟೇ ಮುಖ್ಯವಾದ ಇನ್ನೊಂದು ಲೆಕ್ಕವಿರುತ್ತದೆ: ಇಳಿದ ಜಾಗದಿಂದ ಕೋಣೆಗೆ ಎಷ್ಟು ಹೆಜ್ಜೆ, ಹೊರೆಯನ್ನು ಹೊರುವವರು ಯಾರು? ಆ ಊರುಗಳಲ್ಲಿ ವಾಹನವನ್ನು ತಡೆದದ್ದು ಬೆಟ್ಟ ಮತ್ತು ಕಟ್ಟಳೆ. ದೋಹಾದಲ್ಲಾದರೋ ಬೆಟ್ಟವಿಲ್ಲ, ಅಂಗೈಯಂತಹ ಮರಳುನೆಲ. ಅಲ್ಲಿ ತಡೆದದ್ದು ನೆರಳಿನ ಅವಶ್ಯಕತೆ. ಬೇಸಗೆಯ ಬಿಸಿಲು 45 ಡಿಗ್ರಿಯನ್ನು ಮುಟ್ಟುವ ದೇಶದಲ್ಲಿ ಎದುರುಬದುರಿನ ಗೋಡೆಗಳು ಒಂದರ ನೆರಳನ್ನು ಇನ್ನೊಂದರ ಮೇಲೆ ಚೆಲ್ಲುವಷ್ಟು ಹತ್ತಿರವಿರಬೇಕಾಗಿತ್ತು. ಹೊರೆ ಹೊತ್ತ ಕತ್ತೆಯೊಂದು ಹಾದುಹೋಗುವಷ್ಟು ಅಗಲವಿದ್ದರೆ ಅದು ರಾಜಬೀದಿ. ಮೋಟಾರು ಎಂಬುದು ಹುಟ್ಟುವ ಮೊದಲೇ ಆ ಊರು ಮೋಟಾರಿಗೆ ಬಾಗಿಲು ಹಾಕಿದ್ದಿತು.

ಊರಿಗಿಂತಲೂ ಹಳೆಯದು ಡೇರೆ. ಕತಾರಿನ ಒಳನಾಡಿನಲ್ಲಿ ಹುಲ್ಲು ನೀರುಗಳನ್ನು ಅರಸಿ ತಿರುಗುತ್ತಿದ್ದ ಬದೂ ಎಂಬ ಅಲೆಮಾರಿಗಳು ಮೇಕೆಯ ಕೂದಲಿನಿಂದಲೂ ಕುರಿಯ ಉಣ್ಣೆಯಿಂದಲೂ ನೇಯ್ದ ಕರಿಯ ಡೇರೆಯನ್ನು 'ಕೂದಲಿನ ಮನೆ' ಎಂದೇ ಕರೆಯುತ್ತಿದ್ದರು. ನೇಯುತ್ತಿದ್ದವರು ಹೆಂಗಸರು. ಅವರೇ ನೇಯ್ದ ಚಿತ್ತಾರದ ಪರದೆಯೊಂದು ಡೇರೆಯನ್ನು ಇಬ್ಭಾಗ ಮಾಡುತ್ತಿದ್ದಿತು: ಒಂದು ಕಡೆ ಸಂಸಾರ, ಇನ್ನೊಂದು ಕಡೆ ಗಂಡಸರ ಬೈಠಕ್ಕು ಮತ್ತು ಅತಿಥಿ. ದೂರದಿಂದ ಬಂದ ಅಪರಿಚಿತನನ್ನು ಮೂರು ದಿನಗಳವರೆಗೆ ಬಂದ ಕಾರ್ಯವೇನೆಂದು ಕೇಳದೆ ಉಪಚರಿಸಬೇಕೆಂಬುದು ಅವರ ಧರ್ಮ. ಇಂದು ಆಶ್ರಯ ಕೊಟ್ಟವನು ನಾಳೆ ಆಶ್ರಯ ಬೇಡುವವನಾಗಬಹುದಾದ ಮರುಭೂಮಿಯಲ್ಲಿ ಈ ಧರ್ಮವು ಔದಾರ್ಯವೂ ಹೌದು, ಜೀವವಿಮೆಯೂ ಹೌದು. ಏಲಕ್ಕಿ ಬೆರೆಸಿದ ಕಹಿ ಕಾಫಿಯನ್ನು ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಒಂದು ಗುಟುಕಿನಷ್ಟು ಸುರಿದು ಕೊಡುವರು. ಸಾಕೆನಿಸಿದ ಅತಿಥಿಯು ಬಾಯಿ ತೆರೆದು ಹೇಳಬೇಕಾಗಿಲ್ಲ, ಬಟ್ಟಲನ್ನು ಮೆಲ್ಲಗೆ ಅಲುಗಿಸಿ ಹಿಂದಿರುಗಿಸಿದರೆ ಆಯಿತು. ಅಲುಗಿಸುವುದನ್ನರಿಯದ ನಾನು ಒಮ್ಮೆ ಏಳು ಬಟ್ಟಲು ಕುಡಿದು, ಆ ರಾತ್ರಿ ನಿದ್ರೆಗೆಟ್ಟು, ಈ ಶಿಷ್ಟಾಚಾರವನ್ನು ಮರೆಯದಂತೆ ಕಲಿತೆ.

ಸಮುದ್ರದ ದಂಡೆಯ ಊರಿನಲ್ಲಿ ವ್ಯವಸ್ಥೆ ಬೇರೆಯಾಗಿತ್ತು. 20ನೆಯ ಶತಮಾನದ ಮೊದಲ ದಶಕದಲ್ಲಿ, ಕೊಲ್ಲಿಯ ಪ್ರದೇಶಗಳ ಸಮಗ್ರ ವಿವರಗಳನ್ನು ಸರಕಾರಕ್ಕಾಗಿ ಸಂಗ್ರಹಿಸಿದ ಬ್ರಿಟಿಷ್ ಅಧಿಕಾರಿ ಲಾರಿಮರ್, ಕತಾರಿನ ಇಡೀ ಜನಸಂಖ್ಯೆಯನ್ನು 27,000 ಎಂದೂ ಅದರಲ್ಲಿ ದೋಹಾದವರು 12,000 ಎಂದೂ ಅಂದಾಜು ಮಾಡಿದನು. ಈ ಜನರೆಲ್ಲರ ಅನ್ನ ಮುತ್ತಿನ ಚಿಪ್ಪಿನೊಳಗಿತ್ತು. ಬೇಸಗೆಯ ಸುಮಾರು ನಾಲ್ಕು ತಿಂಗಳು ಗಟ್ಟಿಮುಟ್ಟಾದ ಗಂಡಸರೆಲ್ಲರೂ ಹಾಯಿದೋಣಿಗಳಲ್ಲಿಯೇ ಇರುತ್ತಿದ್ದರು. ಹಗಲೆಲ್ಲ ಮುಳುಗುವುದು, ರಾತ್ರಿ ಚಿಪ್ಪಿನ ರಾಶಿಯ ನಡುವೆ, ಉಪ್ಪು ಹತ್ತಿದ ಮೈಯಲ್ಲಿ, ಹಲಗೆಯ ಮೇಲೆ ಒರಗುವುದು. ಆಗ ಊರೆಂದರೆ ಹೆಂಗಸರು, ಮಕ್ಕಳು, ಮುದುಕರು. ಮುತ್ತನ್ನು ಕೊಳ್ಳಲು ಬಂದ ವರ್ತಕನು ಇಳಿದುಕೊಳ್ಳುತ್ತಿದ್ದುದು ಸ್ಥಳೀಯ ಶ್ರೀಮಂತನ ಮನೆಯ ಮಜಲಿಸಿನಲ್ಲಿ. ಎಂದರೆ ಬೀದಿಯ ಕಡೆಗೆ ಬೇರೆ ಬಾಗಿಲಿದ್ದು, ಒಳಾಂಗಣದ ಹೆಂಗಸರ ಕಣ್ಣಿಗೆ ಬೀಳದಂತೆ ಬಂದು ಹೋಗಬಹುದಾದ, ಗೋಡೆಯುದ್ದಕ್ಕೂ ದಿಂಬುಗಳನ್ನಿಟ್ಟ ಹೊರಕೋಣೆಯಲ್ಲಿ. ಬಾಡಿಗೆಯ ಪ್ರಶ್ನೆ ಅಲ್ಲಿಲ್ಲ. ವ್ಯಾಪಾರವು ಕುದುರಿದರೆ ಅದೇ ಬಾಡಿಗೆ.

ಆ ಕೋಣೆಗಳ ಅಳತೆಯಲ್ಲಿ ಒಂದು ಸ್ವಾರಸ್ಯವಿದೆ. ಹಳೆಯ ದೋಹಾದ ಯಾವ ಮನೆಯಲ್ಲಿಯೂ ಕೋಣೆ ಎಷ್ಟೇ ಉದ್ದವಾಗಿರಲಿ, ಅಗಲ ಮಾತ್ರ ಮೂರು ಮೂರೂವರೆ ಮೀಟರನ್ನು ಮೀರುವುದು ಅಪರೂಪ. ಗೋಡೆಗೆ ಹವಳದ ಕಲ್ಲೂ ಸುಣ್ಣಗಲ್ಲೂ ದಂಡೆಯಲ್ಲಿಯೇ ದೊರೆಯುತ್ತಿದ್ದುವು. ಮಾಡಿಗೆ ಬೇಕಾದ ಮರ ಮಾತ್ರ ಆ ನಾಡಿನಲ್ಲಿ ಬೆಳೆಯದು. ಪೂರ್ವ ಆಫ್ರಿಕದ ಅಳಿವೆಗಳಲ್ಲಿ ಬೆಳೆದ ಕಾಂಡ್ಲಾ ಮರದ ತೊಲೆಗಳು ಹಡಗೇರಿ ಬರುತ್ತಿದ್ದುವು; ಅವುಗಳನ್ನು ಅಲ್ಲಿಯವರು 'ಚಂದಲ್' ಎನ್ನುತ್ತಿದ್ದರು. ಆ ತೊಲೆಯ ಉದ್ದವೇ ಕೋಣೆಯ ಅಗಲ. ಅದರ ಮೇಲೆ ಸೀಳುಬಿದಿರು, ಬಿದಿರಿನ ಮೇಲೆ ಜೊಂಡಿನ ಚಾಪೆ, ಚಾಪೆಯ ಮೇಲೆ ಮಣ್ಣು. ಬಾಗಿಲುಗಳ ತೇಗ, ಹಾಯಿದೋಣಿಗಳ ಹಲಗೆ ಮಲಬಾರಿನ ದಂಡೆಯವು. ಹೀಗೆ ಕತಾರಿನ ಅತಿಥಿಯು ಅಂಗಾತ ಮಲಗಿ ನೋಡುತ್ತಿದ್ದ ಸೂರೂ ದಾಟಿ ಬಂದ ಬಾಗಿಲೂ ಎರಡು ಪರದೇಶಗಳ ಕಾಡಿನವಾಗಿದ್ದುವು. ಬೇಸಗೆಯ ಇರುಳುಗಳಲ್ಲಿ ಮಾತ್ರ ಆ ಸೂರಿನ ಕೆಳಗೆ ಯಾರೂ ಮಲಗುತ್ತಿರಲಿಲ್ಲ. ಹಾಸಿಗೆಯನ್ನು ಸುತ್ತಿಕೊಂಡು ಸಂಸಾರಕ್ಕೆ ಸಂಸಾರವೇ ತಾರಸಿಗೆ ಏರುತ್ತಿದ್ದಿತು.

ನಮ್ಮ ಪಡುವಣ ಕರಾವಳಿಯ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 14ನೆಯ ಶತಮಾನದಲ್ಲಿ ಹೊನ್ನಾವರ, ಮಂಗಳೂರುಗಳನ್ನು ಕಂಡು ಹೋದ ಇಬ್ನ್ ಬತೂತನು, ದಂಡೆಯ ದಾರಿಯುದ್ದಕ್ಕೂ ಅರ್ಧರ್ಧ ಮೈಲಿಗೊಂದರಂತೆ ದಾರಿಹೋಕರು ಕುಳಿತು ವಿಶ್ರಮಿಸಲು ಮರದ ಮಂಟಪಗಳಿದ್ದುದನ್ನೂ, ಬಳಿಯಲ್ಲಿಯೇ ಬಾವಿಯಿದ್ದುದನ್ನೂ ಮೆಚ್ಚಿ ವರ್ಣಿಸಿದ್ದಾನೆ. ಅರವಟ್ಟಿಗೆ, ಛತ್ರ, ಮುಸಾಫಿರಖಾನೆಗಳು ನಮ್ಮಲ್ಲಿ ದಾರಿಯ ಆಸ್ತಿ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯಬಹುದು, ಆದರೆ ಅತಿಥಿಯು ಅವನ ಮುಖವನ್ನು ನೋಡಬೇಕಾಗಿಲ್ಲ. ದಾರಿಯೆಂಬುದೇ ಗಾಳಿಗೆ ಅಳಿಸಿಹೋಗುವ ಮರುಭೂಮಿಯಲ್ಲಿ ಛತ್ರವನ್ನು ಕಟ್ಟುವುದೆಲ್ಲಿ? ಅಲ್ಲಿ ಆತಿಥ್ಯವು ಮನುಷ್ಯನಿಗೆ ಅಂಟಿಕೊಂಡಿತು. ಡೇರೆ ನಡೆದಂತೆ ಛತ್ರವೂ ನಡೆಯಿತು.

ಮುತ್ತಿನ ಕಾಲ ಬಹು ಬೇಗ ಮುಗಿಯಿತು. ಜಪಾನಿನವರು ಕೃಷಿಮಾಡಿ ಬೆಳೆಸಿದ ಮುತ್ತೂ 1929ರ ಬಳಿಕ ಲೋಕವನ್ನು ಕವಿದ ಆರ್ಥಿಕ ಮುಗ್ಗಟ್ಟೂ ಒಟ್ಟಿಗೆ ಬಂದು ದೋಹಾದ ದೋಣಿಗಳನ್ನು ದಂಡೆಗೆ ಎಳೆದಿಟ್ಟವು. ಕತಾರಿನ ದುಖಾನ್ ಎಂಬಲ್ಲಿ ತೈಲವು ಕಾಣಿಸಿಕೊಂಡ ಹೊತ್ತಿಗೆ ಮಹಾಯುದ್ಧ, ಬಾವಿಗಳನ್ನು ಮುಚ್ಚಲಾಯಿತು, ಕತಾರಿನ ತೈಲವನ್ನು ಹೊತ್ತ ಮೊದಲ ಹಡಗು ಹೊರಟಾಗ 1949ರ ಡಿಸೆಂಬರ್ ತಿಂಗಳು ಮುಗಿಯುತ್ತಿದ್ದಿತು. ತೈಲದ ಜೊತೆಗೆ ಆ ನೆಲಕ್ಕೆ ಹೊಸ ಬಗೆಯ ಪರಸ್ಥಳದವನು ಬಂದನು: ಅತಿಥಿಯೂ ಅಲ್ಲ, ವರ್ತಕನೂ ಅಲ್ಲ, ಸಂಬಳಗಾರ. ಅವನಿಗೆ ಮಜಲಿಸಿನಲ್ಲಿ ಮೂರು ದಿನದ ಸತ್ಕಾರ ಸಾಲದು. ಮೂವತ್ತು ದಿನದ ಕೋಣೆ ಬೇಕು. ಕಂಪನಿಗಳು ಬಿಡಾರಗಳನ್ನು ಹಾಕಿದುವು. 1950ರ ದಶಕದಲ್ಲಿ ಸೂಕಿನ ನಡುವೆ 'ಬಿಸ್ಮಿಲ್ಲಾ' ಎಂಬ ಹೆಸರಿನ ಹೋಟೆಲೊಂದು ತೆರೆಯಿತು. ಕತಾರಿನ ಮೊದಲ ಹೋಟೆಲು ಅದೇ ಎಂದು ಪ್ರತೀತಿ. ಯಾವ ಶುಭಕಾರ್ಯಕ್ಕೂ ಮೊದಲು ಉಚ್ಚರಿಸುವ ಮಾತನ್ನೇ ಅದಕ್ಕೆ ಇಟ್ಟದ್ದು ಔಚಿತ್ಯಪೂರ್ಣವಾಗಿತ್ತು. ಹಣ ಕೊಟ್ಟು ಹಾಸಿಗೆ ಪಡೆಯುವ ಪದ್ಧತಿಗೆ ಆ ಪೇಟೆಯಲ್ಲಿ ಅದು ಓಂಕಾರವಾಯಿತು. ಆ ಹಣವೂ ನಮ್ಮದೇ ರೂಪಾಯಿ! 1959ರಿಂದ ಭಾರತದ ರಿಸರ್ವ್ ಬ್ಯಾಂಕು ಕೊಲ್ಲಿಯ ನಾಡುಗಳಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚುಹಾಕಿಸಿತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆಯನ್ನು ಇಳಿಸಿದಾಗ ಕತಾರ್ ಅದನ್ನು ಕೈಬಿಟ್ಟಿತು.

ರೂಪಾಯಿ ಹೋಯಿತು, ರೂಪಾಯಿಯ ದೇಶದ ಜನ ಬಂದರು. 1971ರ ಸೆಪ್ಟೆಂಬರ್ 3ರಂದು ಕತಾರ್ ಸ್ವತಂತ್ರವಾದ ಮೇಲೆ, ಹಣವೊದಗಿದ ಸ್ಥಳೀಯ ಕುಟುಂಬಗಳು ಇಕ್ಕಟ್ಟಾದ ಹಳೆಯ ಕೇರಿಗಳನ್ನು ಬಿಟ್ಟು ಊರ ಹೊರಗಿನ ವಿಶಾಲ ಬಂಗಲೆಗಳಿಗೆ ಹೋದವು. ಖಾಲಿಯಾದ ಅಂಗಳದ ಮನೆಗಳಲ್ಲಿ ಕೇರಳದವರು, ಪಾಕಿಸ್ತಾನದವರು, ನೇಪಾಳದವರು, ನಮ್ಮ ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರುಗಳ ಹುಡುಗರು ತುಂಬಿಕೊಂಡರು. ಊರಿನಲ್ಲಿ ಮೊದಲು ವಿದ್ಯುದ್ದೀಪ ಕಂಡ ಬೀದಿಯೆಂದು 'ಕಹ್ರಬಾ' ಎಂದೇ ಹೆಸರಾದ ಬೀದಿಯಿದ್ದ ಮುಶೈರೆಬ್ ಇಂತಹ ಒಂದು ನೆಲೆ. ಕೊಲ್ಲಿಗೆ ಹೋದ ನಮ್ಮವರ ಬಾಯಲ್ಲಿ 'ಮನೆ' ಎಂಬ ಮಾತು ಊರಿನ ಮನೆಗೇ ಮೀಸಲು. ಅಲ್ಲಿಯದು 'ರೂಮು'; ರೂಮೂ ಇಡಿಯಾಗಿ ತನ್ನದಲ್ಲ, ತನ್ನದು ಒಂದು 'ಬೆಡ್‌ಸ್ಪೇಸು'. ಬಕಾಲದ, ಎಂದರೆ ದಿನಸಿ ಅಂಗಡಿಯ, ಗಾಜಿನ ಬಾಗಿಲಿಗೆ ಅಂಟಿಸಿದ ಚೀಟಿಯನ್ನು ನೋಡಿಕೊಂಡು, ತನ್ನ ಭಾಷೆಯವರು, ತನ್ನ ಊಟದವರು ಇರುವ ಕಡೆಯನ್ನು ಹುಡುಕುವುದು ವಾಡಿಕೆ. ಮರದ ತೆಳುಹಲಗೆಯಿಂದ ಭಾಗ ಮಾಡಿದ ಕೋಣೆಯಲ್ಲಿ ಒಂದರ ಮೇಲೊಂದು ಮಂಚ. ಮಂಚದ ಕೆಳಗೆ ಪೆಟ್ಟಿಗೆ. ತಲೆಯ ಬಳಿ ಮೊಳೆ, ಮೊಳೆಗೆ ಅಂಗಿ. ಹಗಲುಪಾಳಿಯವನು ಎದ್ದುಹೋದ ಹಾಸಿಗೆಯ ಕಾವು ಆರುವ ಮೊದಲೇ ರಾತ್ರಿಪಾಳಿಯವನು ಬಂದು ಒರಗುವುದೂ ಉಂಟು. ಶುಕ್ರವಾರದ ಗಂಜಿ, ಮೀನುಸಾರು, ಊರಿಗೆ ಹೊರಡುವವನ ಪೆಟ್ಟಿಗೆಯನ್ನು ಎಲ್ಲರೂ ಸೇರಿ ಹಗ್ಗ ಬಿಗಿದು ಕಟ್ಟುವ ಸಂಭ್ರಮ, ಇವುಗಳಿಂದ ಆ ಆರಡಿ ಮೂರಡಿಯ ಜಾಗವೂ ಒಂದು ಬಗೆಯ ಮಜಲಿಸು ಆಗುತ್ತಿದ್ದಿತು.

ಇದೇ ಕಾಲದಲ್ಲಿ ಸಿರಿವಂತ ಪ್ರವಾಸಿಯು ಪೇಟೆಗೆ ಬೆನ್ನುಹಾಕಿ ಕುಳಿತಿದ್ದನು. ಕಡಲನ್ನು ತುಂಬಿಸಿ ಪಡೆದ ಹೊಸ ನೆಲದಲ್ಲಿ ವಿಲಿಯಂ ಪೆರೇರಾ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಪಿರಮಿಡ್ಡಿನಾಕಾರದ ಶೆರಟನ್ ಹೋಟೆಲು 1982ರಲ್ಲಿ ತೆರೆಯಿತು. ಅಲ್ಲಿಗೆ ಬರುವವನ ಕಾರು ನೇರವಾಗಿ ಬಾಗಿಲಿಗೆ ಬರುತ್ತಿದ್ದಿತು. ಸೂಕು ಸೊರಗಿತು. ಮಣ್ಣಿನ ಗೋಡೆಗೆ ಸಿಮೆಂಟು, ಚಂದಲ್ ತೊಲೆಯ ಜಾಗದಲ್ಲಿ ತಗಡು. 2003ರಲ್ಲಿ ಬೆಂಕಿ ಬಿದ್ದು ಬಹುಭಾಗ ಸುಟ್ಟುಹೋಯಿತು. ಆಗ ಅದನ್ನು ಕೆಡವಿ ಹೊಸ ಅಂಗಡಿಸಾಲನ್ನು ಕಟ್ಟುವುದು ಸುಲಭವಾಗಿತ್ತು. ಅಂದಿನ ಅಮೀರ ಶೇಖ್ ಹಮದ್ ಬಿನ್ ಖಲೀಫಾ ಅವರ ಆಸಕ್ತಿಯಿಂದ ಅದರ ಬದಲು ಜೀರ್ಣೋದ್ಧಾರ ನಡೆಯಿತು. ಅದರ ಹೊಣೆ ಹೊತ್ತ ಮೊಹಮ್ಮದ್ ಅಲಿ ಅಬ್ದುಲ್ಲಾ ಚಿತ್ರಕಲಾವಿದರು. ಹೊಸಕಾಲದ ಕಟ್ಟಡಗಳನ್ನು ಕಳಚಿ, ಹಳೆಯವಕ್ಕೆ ಮತ್ತೆ ಮಣ್ಣು ಮೆತ್ತಿ, ತೊಲೆ ಬಿದಿರು ಚಾಪೆಗಳ ಮಾಡನ್ನು ಹೊದಿಸಿ, ವಾಹನಗಳನ್ನು ಅಂಚಿನ ನೆಲಮಾಳಿಗೆಗೆ ಇಳಿಸಲಾಯಿತು. ಬಡತನದಿಂದಲೂ ಬಿಸಿಲಿನಿಂದಲೂ ಹುಟ್ಟಿದ್ದ ಕಾಲ್ನಡೆಯ ಓಣಿಯು ಈಗ ಯೋಜನೆಯ ಅಂಗವಾಯಿತು; ಇಕ್ಕಟ್ಟೇ ಐಶ್ವರ್ಯವೆನಿಸಿತು.

ಅನಂತರ ಆ ಪೇಟೆಯೊಳಗೆ ಒಂದೊಂದಾಗಿ ಸಣ್ಣ ಹೋಟೆಲುಗಳು ಎದ್ದವು. ಅವುಗಳ ಹೆಸರುಗಳನ್ನು ಗಮನಿಸಬೇಕು: ಅಲ್ ಬಿದ್ದಾ, ಅಲ್ ಜಸ್ರಾ, ಅಲ್ ನಜಾದಾ, ಮುಶೈರೆಬ್, ಅರುಮೈಲಾ, ಅಲ್ ಮಿರ್ಕಾಬ್. ಇವೆಲ್ಲವೂ ಹಳೆಯ ದೋಹಾದ ಕೇರಿಗಳ ಹೆಸರುಗಳು. ಅಲ್ ಜೊಮ್ರೊಕ್ ಎಂದರೆ ಸುಂಕದ ಕಟ್ಟೆ. ಬಿಸ್ಮಿಲ್ಲಾ ಕೂಡ ಹೊಸ ರೂಪದಲ್ಲಿ ಈ ಸಾಲಿಗೆ ಸೇರಿತು. ನನಗೆ ದೊರೆತ ಕೋಣೆಯಲ್ಲಿ ಮಲಗಿ ಸೂರನ್ನು ನೋಡಿದೆನು. ಚಂದಲ್ ತೊಲೆಗಳು ಸಾಲಾಗಿ ಇದ್ದವು, ಆದರೆ ಕೋಣೆಯ ಅಗಲ ತೊಲೆಯ ಅಳತೆಗೆ ಕಟ್ಟುಬಿದ್ದಿರಲಿಲ್ಲ. ಭಾರವನ್ನು ಹೊತ್ತಿದ್ದುದು ಮರೆಯಲ್ಲಿದ್ದ ಬೇರೆ ಯಾವುದೋ. ಕಿಟಕಿಯ ಕೆಳಗೆ ಸಂತೆಯ ಸದ್ದು ನಡುರಾತ್ರಿಯವರೆಗೂ ಅಡಗಲಿಲ್ಲ. ಸಂತೆಯೊಳಗೆ ಬಿಡಾರ ಹೂಡಿದವನು ಸದ್ದನ್ನು ದೂರುವಂತಿಲ್ಲವೆಂಬ ವಿವೇಕ ಕನ್ನಡಿಗನಿಗೆ ಹನ್ನೆರಡನೆಯ ಶತಮಾನದಿಂದಲೂ ಬಂದಿರುವುದರಿಂದ ನಾನು ಸುಮ್ಮನಾದೆನು.

ಹೋಟೆಲುಗಳಿಗೆ ಹೆಸರನ್ನು ಕೊಟ್ಟ ಕೇರಿಗಳ ಗತಿಯೇನು? ಮುಶೈರೆಬ್ ಎಂದರೆ ಕುಡಿಯುವ ನೀರಿನ ತಾಣ. ಅದನ್ನು ಬಹುಮಟ್ಟಿಗೆ ಕೆಡವಿ, 2010ರ ಜನವರಿಯಲ್ಲಿ ಅಡಿಗಲ್ಲನ್ನಿಟ್ಟು, 31 ಹೆಕ್ಟೇರುಗಳಷ್ಟು ಜಾಗದಲ್ಲಿ ಹೊಸದೊಂದು ನಗರಕೇಂದ್ರವನ್ನು ಕಟ್ಟಿದರು. ಅಲ್ಲಿಯೂ ಕಾರುಗಳು ನೆಲದಡಿಗೆ, ಮೇಲೆ ನೆರಳಿನ ಬೀದಿ, ಟ್ರಾಮು. ಉಳಿಸಿಕೊಂಡ ನಾಲ್ಕು ಹಳೆಯ ಮನೆಗಳು ವಸ್ತುಸಂಗ್ರಹಾಲಯಗಳಾದುವು. ಅವುಗಳಲ್ಲಿ ಒಂದು ಮೊದಲ ತೈಲ ಕಂಪನಿಯ ಕಚೇರಿಯಾಗಿದ್ದುದು. ಇನ್ನೊಂದು, ಬಿನ್ ಜಲ್ಮೂದ್ ಮನೆಯು, 1952ರಲ್ಲಿ ರದ್ದಾದ ಗುಲಾಮಗಿರಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಬೆಡ್‌ಸ್ಪೇಸಿನ ಮಂಚ ಮಾತ್ರ ಈ ಸಂಗ್ರಹಾಲಯಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಅದೇ 2010ರಲ್ಲಿ ಬಂದ 15ನೆಯ ಸಂಖ್ಯೆಯ ಕಾನೂನು, ಸಂಸಾರಸ್ಥರ ಬಡಾವಣೆಗಳಲ್ಲಿ ಕಾರ್ಮಿಕರನ್ನು ಇಳಿಸುವುದನ್ನು ನಿಷೇಧಿಸಿತು. ಊರ ಹೊರಗೆ, ಕೈಗಾರಿಕಾ ಪ್ರದೇಶದ ಬದಿಯಲ್ಲಿ, ಸುಮಾರು 70,000 ಜನರಿಗೆಂದು ಒಂದು ಕಾರ್ಮಿಕ ನಗರವೇ ಎದ್ದಿತು. ಕೋಣೆಗಳು ಮೊದಲಿಗಿಂತ ಹಸನು. ಕೆಲಸದ ಜಾಗಕ್ಕೆ ಇರುವ ದೂರ ಮಾತ್ರ ಹೆಜ್ಜೆಯಲ್ಲಿ ಎಣಿಸುವಂಥದಲ್ಲ.

2022ರ ವಿಶ್ವಕಪ್ ಕಾಲ್ಚೆಂಡಿನ ಸಮಯದಲ್ಲಿ, ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ, ಹತ್ತು ಲಕ್ಷವನ್ನು ಮೀರಿದ ಜನ ಆ ಪುಟ್ಟ ದೇಶಕ್ಕೆ ಬಂದಿಳಿದಾಗ, ಅಷ್ಟು ಜನರಿಗೆ ಸಾಲುವಷ್ಟು ಹೋಟೆಲುಗಳಿರಲಿಲ್ಲ. ಆಗ ಏನು ಮಾಡಿದರೆಂಬುದು ಚರಿತ್ರೆಯ ವಿದ್ಯಾರ್ಥಿಗೆ ನಗೆಯನ್ನೂ ವಿಸ್ಮಯವನ್ನೂ ತರುವ ಸಂಗತಿ. ಬಂದರಿನಲ್ಲಿ ಬೃಹತ್ ಪ್ರವಾಸಿ ಹಡಗುಗಳನ್ನು ಕಟ್ಟಿ ಜನರನ್ನು ಅವುಗಳಲ್ಲಿ ಮಲಗಿಸಿದರು. ಮರಳಿನ ಮೇಲೆ ಡೇರೆಗಳನ್ನು ಹೊಡೆದರು. ತಗಡಿನ ಪೆಟ್ಟಿಗೆಯಂತಹ ಕೋಣೆಗಳನ್ನು ಸಾಲಾಗಿ ಇರಿಸಿದರು. ಊರಿನಲ್ಲಿ ನೆಲೆಸಿದವರು ತಮ್ಮ ಬಂಧುಮಿತ್ರರನ್ನು ಮನೆಯಲ್ಲಿರಿಸಿಕೊಳ್ಳಲು ಅನುಮತಿಯಿತ್ತರು. ಹಡಗು, ಡೇರೆ, ಆತಿಥೇಯನ ಮನೆ! ಮುತ್ತಿನ ಕಾಲದ ಮೂರು ಬಿಡಾರಗಳೂ ಒಂದು ತಿಂಗಳ ಮಟ್ಟಿಗೆ ಮರಳಿ ಬಂದಿದ್ದವು.

ಆ ಮೊದಲ ರಾತ್ರಿಯ ಹಮಾಲಿಯ ಮಾತನ್ನು ಹೇಳಿ ಮುಗಿಸುತ್ತೇನೆ. ಅವನು ಯಾರನ್ನೂ ದಾರಿ ಕೇಳದೆ, ಸಾಂಬಾರ ಪದಾರ್ಥಗಳ ಸಾಲನ್ನು ದಾಟಿ, ಡೇಗೆಹಕ್ಕಿಗಳು ಕಣ್ಣುಪಟ್ಟಿ ಕಟ್ಟಿಕೊಂಡು ಸಾಲಾಗಿ ಕುಳಿತಿದ್ದ ಅಂಗಡಿಯ ಮುಂದೆ ಹಾಯ್ದು, ನನ್ನ ಪೆಟ್ಟಿಗೆಗಳನ್ನು ಹೋಟೆಲಿನ ಬಾಗಿಲಿಗೆ ತಲುಪಿಸಿದನು. ವಾಕಬುಗಾರನೆಂದರೆ ಇವನು. ಬಾಗಿಲ ಮೇಲಿನ ಹೆಸರನ್ನು ಗಲ್ಲದಿಂದ ತೋರಿಸಿ, ತನ್ನ ಒಡಕು ಹಿಂದೂಸ್ತಾನಿಯಲ್ಲಿ, "ಈ ಹೆಸರಿನ ಕೇರಿಯಲ್ಲಿ ನಾನು ಹನ್ನೊಂದು ವರ್ಷ ಇದ್ದೆ, ಸಾಹೇಬ್. ಒಂದು ಕೋಣೆಯಲ್ಲಿ ಎಂಟು ಜನ. ಇಲ್ಲಿಂದ ಒಂದು ಸಿಗರೇಟು ಸೇದುವಷ್ಟು ದಾರಿ" ಎಂದನು. ಈಗ ಎಲ್ಲಿರುವುದೆಂದು ಕೇಳಿದೆ. ಅವನು ಕೈಯನ್ನು ಎತ್ತಿ ದೂರದ ಕತ್ತಲೆಯ ಕಡೆಗೆ ಬೀಸಿ, ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಹೇಳಿ, ಕೊಟ್ಟ ರಿಯಾಲುಗಳನ್ನು ಎಣಿಸದೆ ಜೇಬಿಗೆ ಹಾಕಿಕೊಂಡು, ಖಾಲಿ ಕೈಗಾಡಿಯನ್ನು ತಿರುಗಿಸಿದನು.

ಪೇಟೆಯ ಬಳಿಯ ವಾದಿಯ, ಎಂದರೆ ಹಳ್ಳದ, ನೀರು ಉಕ್ಕಿ ಬರುತ್ತಿದ್ದುದರಿಂದ ಮಾರುವವರು ಕುಳಿತುಕೊಳ್ಳಲಾಗದೆ ನಿಂತೇ ವ್ಯಾಪಾರ ಮಾಡುತ್ತಿದ್ದರೆಂದೂ, ಅದರಿಂದಲೇ ಆ ಪೇಟೆಗೆ ನಿಂತ ಸಂತೆಯೆಂಬ ಹೆಸರು ಬಂದಿತೆಂದೂ ಅಲ್ಲಿಯವರು ಹೇಳುತ್ತಾರೆ. ಮರುದಿನ ಸಂಜೆ ನಾನು ಅದೇ ಅಂಚಿಗೆ ಹೋದಾಗ ವರ್ತಕರು ಗಾದಿಯ ಮೇಲೆ ಕುಳಿತಿದ್ದರು; ಗಿರಾಕಿಗಳು ಕಾಫಿಯಂಗಡಿಗಳ ಕುರ್ಚಿಗಳಲ್ಲಿ ಕುಳಿತಿದ್ದರು. ಕಲ್ಲುಹಾಸಿನ ಕೊನೆಯಲ್ಲಿ, ಮೋಟಾರುಗಳು ಬಂದು ನಿಲ್ಲುವ ಜಾಗದಲ್ಲಿ, ಗಾಡಿಯ ಹಿಡಿಕೆಗಳ ನಡುವೆ ಅವನು ನಿಂತಿದ್ದನು.